ಮೆಣಸಿನಕಾಯಿಗೆ ಬಂದ ಅಪವಾದ

ಬ್ಯಾಡಗಿ ಪೇಟೆಯಲ್ಲಿ ಯಾರ ಮುಖ ಕೆಂಪಾದರೂ ಕಾರಣ ಒಂದೇ, ಮೆಣಸಿನಕಾಯಿ. ಕಣ್ಣು ಉರಿದರೆ ಮೆಣಸಿನಕಾಯಿ, ಮೂಗು ಸೋರಿದರೆ ಮೆಣಸಿನಕಾಯಿ. ಮನೆಯಲ್ಲಿ ಜಗಳ ಮಾಡಿ ಅತ್ತು ಬಂದವರೂ "ಘಾಟು ಜಾಸ್ತಿ ಐತ್ರಿ" ಅಂದರೆ ಮುಗೀತು, ಯಾರೂ ಮುಂದೆ ಕೇಳೋದಿಲ್ಲ. ನಾನು ಇಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಈ ನೆಪವನ್ನು ನಾನೂ ಬಳಸಿದ್ದೇನೆ. ಒಂದು ಸಲ ಅದು ಜೀವಕ್ಕೇ ಬಂದಿತ್ತು.

2024ರ ಜನವರಿ 29, ಸೋಮವಾರ. ಸೋಮವಾರ, ಗುರುವಾರ ನಮ್ಮಲ್ಲಿ ಟೆಂಡರ್ ದಿನ. ಬೇಗ ಹೋಗಬೇಕು ಅಂತ ಕತ್ತಲಲ್ಲೇ ಎದ್ದು ಫೋನ್ ಕೈಗೆ ತಗೊಂಡೆ. ಅದು ಮುಖ ನೋಡಿ ತೆರೆದುಕೊಳ್ಳೋ ಫೋನ್. ತೆರೆಯಲಿಲ್ಲ. ಬೆಳಕು ಸಾಲದು ಅಂತ ದೀಪ ಹಾಕಿ ಹಿಡಿದೆ. ಇಲ್ಲ. ಫೋನೇ ಕೆಟ್ಟಿದೆ ಅಂದುಕೊಂಡು ನಂಬರ್ ಒತ್ತಿ ತೆರೆದೆ. ಆಮೇಲೆ ಚಾಳೀಸು ಹಾಕಿಕೊಳ್ಳೋಕೆ ಹೋದರೆ ಕಡ್ಡಿ ಎರಡೂ ಕಡೆ ಒತ್ತುತ್ತಿದೆ. ನಿನ್ನೆವರೆಗೆ ಸಡಿಲಾಗಿ ಮೂಗಿನ ಮೇಲೆ ಜಾರುತ್ತಿದ್ದ ಚಾಳೀಸು ಅದು.

ಕನ್ನಡಿ ನೋಡಿದೆ. ಕಣ್ಣ ರೆಪ್ಪೆ ಕರಿದ ಕಡಬಿನ ಹಾಗೆ ಉಬ್ಬಿದ್ದವು. ಕೆನ್ನೆ ತುಂಬಿ ಮೂಗು ಒಳಗೆ ಹೋದ ಹಾಗೆ ಕಾಣುತ್ತಿತ್ತು. ಕಿವಿಯ ಹಾಲೆ ದಪ್ಪ, ಕೆಂಪು, ಮುಟ್ಟಿದರೆ ಬಿಸಿ. ಎದೆಯ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಎರಡು ದಿನದಿಂದ ಮೈ ಬೆಚ್ಚಗಿತ್ತು, ಗಂಟಲು ಕೆರೆಯುತ್ತಿತ್ತು. ಸೀಸನ್ನಿನಲ್ಲಿ ಯಾರಿಗೆ ಗಂಟಲು ಕೆರೆಯೋದಿಲ್ಲ ಹೇಳಿ?

"ಇದೇನ್ರೀ, ಹುಳಾ ಏನರ ಕಡದೈತಿ?" ಅಂದಳು ಹೆಂಡತಿ. ಅವ್ವ ಒಲೆ ಮುಂದಿನಿಂದಲೇ ತೀರ್ಮಾನ ಕೊಟ್ಟಳು: "ಮೆಣಸಿನಕಾಯಿ ಕೈಲೆ ಮುಖಾ ಮುಟ್ಕೊಂಡಿರ್ತಾನ, ಮತ್ತೇನು." ಅಂಗಡಿಯಲ್ಲಿ ಸಾವ್ಕಾರ್ರು ನೋಡಿ ನಕ್ಕರು. "ಈ ವರ್ಷದ ಮಾಲು ಭಾಳ ಘಾಟೈತಿ ತಮ್ಮಾ. ಒಂದೀಟು ಕೊಬ್ಬರಿಎಣ್ಣಿ ಹಚ್ಕೊ."

ತಮಾಷೆ ಅಂದರೆ, ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೆ ಹೆಸರಾದದ್ದೇ ಅಲ್ಲ. ಅದರ ಹೆಸರು ಇರೋದು ಬಣ್ಣಕ್ಕೆ. 2011ರಲ್ಲಿ ಜಿಐ ಗುರುತು ಸಿಕ್ಕಿದ್ದು ಡಬ್ಬಿ, ಕಡ್ಡಿ ಅನ್ನೋ ಇಲ್ಲಿನ ತಳಿಗಳ ಆ ಗಾಢ ಕೆಂಪಿಗೆ. ಖಾರದ ತಳಿಗಳು ಬೇರೆ, ಅವು ಹೊರಗಿನಿಂದ ನಮ್ಮ ಪೇಟೆಗೆ ಬರುತ್ತವೆ. ಧೂಳಿಗೆ ಸೀನು ಬರುತ್ತೆ, ಕಣ್ಣು ಉರಿಯುತ್ತೆ, ಅದು ನಿಜ. ಆದರೆ ಹನ್ನೆರಡು ವರ್ಷ ಚೀಲಗಳ ನಡುವೆ ಕೂತವನಿಗೆ ಒಂದೇ ರಾತ್ರಿಯಲ್ಲಿ ಕಿವಿ ಹಾಲೆ ಊದಿಕೊಳ್ಳುತ್ತಾ? ಆ ಪ್ರಶ್ನೆ ನನ್ನ ತಲೆಗೂ ಬಂದಿತ್ತು. ನಾನೇ ಅದನ್ನು ಒಳಗೆ ತಳ್ಳಿದೆ. ಯಾಕಂದರೆ ಮೆಣಸಿನಕಾಯಿ ಅಲ್ಲ ಅಂದರೆ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು.

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಇತ್ತು. ಅದರಲ್ಲಿ ಫಿಟ್ಸ್ ಗುಳಿಗೆ. ಅದು ಗೊತ್ತಿದ್ದದ್ದು ಹೆಂಡತಿಗೆ, ಅವ್ವಗೆ, ನನಗೆ. ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಒಂದು ರಾತ್ರಿ ನಿದ್ದೆಯಲ್ಲೇ ನನಗೆ ಕೈಕಾಲು ಸೆಟೆದು ಜಾಡಿಸಿತ್ತಂತೆ. ನನಗೆ ನೆನಪಿರೋದು ಬೆಳಿಗ್ಗೆ ನಾಲಿಗೆ ಕಚ್ಚಿಕೊಂಡಿದ್ದು, ಮೈಯೆಲ್ಲ ಹಮಾಲಿ ಮಾಡಿದ ಹಾಗೆ ನೋವು, ಕೈಯಲ್ಲಿ ಕಪಾಟಿನ ಕೀಲಿ. ಕಬ್ಬಿಣ ಹಿಡಿಸಿದರೆ ಬಿಡುತ್ತೆ ಅಂತ ಅವ್ವ ಕೊಟ್ಟಿದ್ದಳು. ಉಳ್ಳಾಗಡ್ಡಿ ಒಡೆದು ಮೂಗಿಗೂ ಹಿಡಿದಿದ್ದಳಂತೆ. ಎರಡೂ ಉಪಯೋಗ ಇಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಲ್ಲಿ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಬೇಕು ಅಂತ ಆಮೇಲೆ ಕಲಿತೆವು. ಜನವರಿ ಮೊದಲ ವಾರ ಮತ್ತೆ ಬಂತು. ಸ್ಕ್ಯಾನ್ ಮಾಡಿದಾಗ ಮೆದುಳಿನಲ್ಲಿ ಹಳೆಯ ಒಂದು ಸಣ್ಣ ಕಲೆ ಕಂಡಿತು. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಸೇರಿ, ಮರಿ ತಲೆಗೆ ಏರಿ, ಅಲ್ಲೇ ಸತ್ತು ಸುಣ್ಣಗಟ್ಟಿದ್ದಂತೆ. ನಮ್ಮದು ಮಾಂಸ ಮುಟ್ಟದ ಮನೆ. ಸರಿಯಾಗಿ ತೊಳೆಯದ ಹಸಿ ತಪ್ಪಲದಿಂದಲೂ ಬರುತ್ತೆ ಅಂದರು.

ಜನವರಿ 9ರಿಂದ ಫೆನಿಟಾಯಿನ್ ಶುರು ಆಯಿತು. 100 ಮಿಲಿಗ್ರಾಮಿನ ಮೂರು ಗುಳಿಗೆ, ರಾತ್ರಿ ಊಟ ಆದ ಮೇಲೆ. ಹಳೆಯ ಔಷಧಿ, 1938ರಿಂದ ಫಿಟ್ಸ್‌ಗೆ ಬಳಕೆಯಲ್ಲಿದೆ, ಬೆಲೆ ಕಡಿಮೆ, ಲಕ್ಷಾಂತರ ಜನ ಇದರ ಮೇಲೆಯೇ ಚೆನ್ನಾಗಿ ಬದುಕುತ್ತಿದ್ದಾರೆ. ಬರೆದುಕೊಟ್ಟ ಡಾಕ್ಟರ್ ಬೆರಳೆತ್ತಿ ಹೇಳಿದ್ದರು: "ಏನೇ ಆಗಲಿ, ಒಂದು ದಿನಾನೂ ತಪ್ಪಿಸಬಾರದು." ಆ ಮಾತು ಸರಿಯೇ. ದಿಢೀರನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು, ನಿಲ್ಲದೇ ಹೋಗಬಹುದು. ಆದರೆ "ಏನೇ ಆಗಲಿ" ಅನ್ನೋದರ ಮುಂದೆ ಇನ್ನೊಂದು ಮಾತು ಬೇಕಿತ್ತು. ಜ್ವರ ಬಂದು, ಮೈ ಮೇಲೆ ಗುಳ್ಳೆ ಎದ್ದು, ಮುಖ ಬಾತರೆ ಅದೇ ದಿನ ಬಾ ಅಂತ. ಹೇಳೋಕೆ ಹತ್ತು ಸೆಕೆಂಡ್ ಸಾಕು. ಅವರ ಹೊರಗಿನ ಬೆಂಚಿನಲ್ಲಿ ನಲವತ್ತು ಜನ ಕಾಯುತ್ತಿದ್ದರು, ಅದನ್ನೂ ನಾನು ನೋಡಿದ್ದೇನೆ.

ಗುಳಿಗೆಯನ್ನು ಯಾಕೆ ಮುಚ್ಚಿಟ್ಟೆವು ಅಂತ ಕೇಳಬಹುದು. ತಮ್ಮನಿಗೆ ಹೆಣ್ಣು ನೋಡುತ್ತಿದ್ದೆವು. ನಮ್ಮ ಕಡೆ ಇದಕ್ಕೆ ಮಲರೋಗ ಅನ್ನುತ್ತಾರೆ. ಅಣ್ಣನಿಗೆ ಮಲರೋಗ ಐತಿ ಅಂದರೆ ತಮ್ಮನ ಜಾತಕ ಯಾರೂ ಮುಟ್ಟೋದಿಲ್ಲ. ಅದಕ್ಕೆ ಗುಳಿಗೆಯನ್ನು ಬ್ಯಾಡಗಿಯಲ್ಲಿ ಕೊಳ್ಳುತ್ತಿರಲಿಲ್ಲ, ಹಾವೇರಿಯಿಂದ ತರುತ್ತಿದ್ದೆ. ಮೋಟರ್‌ಸೈಕಲ್ ಬಿಟ್ಟದ್ದಕ್ಕೆ ಸೊಂಟ ನೋವು ಅಂತ ಸುಳ್ಳು ಹೇಳಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಸೋಮವಾರ ಸಂಜೆ ನಮ್ಮ ಓಣಿಯ ಹತ್ತಿರದ ದವಾಖಾನೆಗೆ ಹೋದೆ. ಡಾಕ್ಟರ್ ನೇರವಾಗಿ ಕೇಳಿದರು, "ಬೇರೆ ಏನಾದರೂ ಗುಳಿಗೆ ತಗೋತೀರಾ?" ಅವರ ಪಕ್ಕ ಚೀಟಿ ಬರೆಯುತ್ತಿದ್ದ ಹುಡುಗ ನಮ್ಮ ಓಣಿಯವನು. ಅವನ ಕಿವಿ ನನ್ನ ಕಡೆಗೇ ಇದ್ದವು. "ಇಲ್ರಿ" ಅಂದೆ. ವೈರಲ್ ಜ್ವರ, ಜೊತೆಗೆ ಮೆಣಸಿನಕಾಯಿ ಅಲರ್ಜಿ ಅಂತ ಬರೆದು ಅಲರ್ಜಿಯ ಗುಳಿಗೆ ಸೆಟ್ರಿಜಿನ್ ಕೊಟ್ಟರು. ಮನೆಗೆ ಬಂದು ಸೆಟ್ರಿಜಿನ್ ನುಂಗಿದೆ. ಅದರ ಮೇಲೆ ಫೆನಿಟಾಯಿನ್ ಮೂರೂ ನುಂಗಿದೆ. ತಪ್ಪಿಸಬಾರದಲ್ವಾ!

ಮಂಗಳವಾರ, ಬುಧವಾರ ಅಂಗಡಿಗೆ ಹೋದೆ. ಗುಳ್ಳೆಗಳು ಒಂದಕ್ಕೊಂದು ಕೂಡಿ ಹೊಟ್ಟೆ, ಬೆನ್ನು ತುಂಬ ಹರಡಿದವು. ತುರಿಕೆ ಅಂದರೆ ಗೋಣಿಚೀಲಕ್ಕೆ ಬೆನ್ನು ಉಜ್ಜೋ ಹಾಗೆ. ಪಕ್ಕದ ಅಂಗಡಿಯ ಅಜ್ಜ ದಡಾರ ಅಂದರು. ಇನ್ನೊಬ್ಬರು ಪಿತ್ತ ಅಂದರು. ಕುತ್ತಿಗೆ ಊದಿದಾಗ ಅವ್ವ ಮಂಗನಬಾವು ಅಂದಳು. ಬಂಗಾರ ಕಟ್ಟಬೇಕು ಅಂತ ಹೆಂಡತಿಯ ಸರ ತಂದಳು. ನಾನು ಎಲ್ಲದಕ್ಕೂ ಹೂಂ ಅಂದೆ. ಯಾವ ಹೆಸರಾದರೂ ಸರಿ, ಡಬ್ಬಿಯಲ್ಲಿದ್ದ ಹೆಸರು ಹೊರಗೆ ಬರದಿದ್ದರೆ ಸಾಕಿತ್ತು.

ಗುರುವಾರ ಹೆಂಡತಿ ನನ್ನನ್ನು ಕೇಳದೆ ಬೇರೆ ಊರಿನ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ಕೂತ ಕೂಡಲೇ ಡಬ್ಬಿ ಮೇಜಿನ ಮೇಲೆ ಇಟ್ಟಳು. ಅವರು ಸ್ಟ್ರಿಪ್ ತಿರುಗಿಸಿ ನೋಡಿ, "ಇದೇ ನೋಡ್ರಿ, ಗುಳಿಗೆ ಅಲರ್ಜಿ" ಅಂದರು. ಫೆನಿಟಾಯಿನ್ ನಿಲ್ಲಿಸಿದರು. ಅಲ್ಲಿಗೆ ಮುಗಿದಿದ್ದರೆ ಈ ಬರಹ ಅರ್ಧಕ್ಕೇ ನಿಲ್ಲುತ್ತಿತ್ತು. ಫಿಟ್ಸ್‌ಗೆ ಏನಾದರೂ ಬೇಕಲ್ಲ, ಅದರ ಬದಲು ಕಾರ್ಬಮಜೆಪೈನ್ ಬರೆದರು.

ಎರಡು ದಿನ ತಗೊಂಡೆ. ಶನಿವಾರ ಬೆಳಿಗ್ಗೆ 103 ಡಿಗ್ರಿ ಜ್ವರ. ಮೂತ್ರ ಕಡಕ್ ಚಹಾದ ಬಣ್ಣ. ಕುತ್ತಿಗೆ, ಕಂಕುಳಲ್ಲಿ ಗೋಲಿಯಷ್ಟು ಗಂಟು. ಕಣ್ಣು ತೆರೆಯೋಕೆ ಬೆರಳಿನಿಂದ ರೆಪ್ಪೆ ಎತ್ತಬೇಕು. ಹೆಂಡತಿ ಸಾವ್ಕಾರ್ರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು, ಫಿಟ್ಸ್ ಕಥೆಯನ್ನೂ ಸೇರಿಸಿ. ಅವರು ಏನೂ ಕೇಳಲಿಲ್ಲ, ಅರ್ಧ ತಾಸಿನಲ್ಲಿ ಕಾರು ತಂದು ನಿಲ್ಲಿಸಿದರು. ಮೋಟೆಬೆನ್ನೂರು ದಾಟಿ ಹೈವೇ ಹಿಡಿದದ್ದು ನೆನಪಿದೆ. ಹಾವೇರಿ, ಬಂಕಾಪುರ, ಶಿಗ್ಗಾಂವಿ ಬೋರ್ಡು ನೆನಪಿಲ್ಲ. ತಡಸ ಹತ್ತಿರ ಸಾವ್ಕಾರ್ರು ಹಿಂದೆ ತಿರುಗಿ, "ನನಗ ಮೊದಲ ಹೇಳಾಕ ಏನಾಗಿತ್ತೋ ನಿನಗ?" ಅಂದದ್ದು ಮಾತ್ರ ಕಿವಿಯಲ್ಲಿ ಉಳಿದಿದೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮೊದಲು ನೋಡಿದವರು ಒಬ್ಬ ಸಣ್ಣ ವಯಸ್ಸಿನ ಲೇಡಿ ಡಾಕ್ಟರ್. ಮುಖ ನೋಡಿದರು, ಕಿವಿ ನೋಡಿದರು, ಕುತ್ತಿಗೆ ಮುಟ್ಟಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಗುಳಿಗೆ ಶುರು ಮಾಡಿದ್ರಿ? ದಿನಾಂಕ ಹೇಳ್ರಿ." ನಿನ್ನೆ ಏನು ತಿಂದೆ ಅಂತ ಕೇಳಲಿಲ್ಲ. ಮೆಣಸಿನಕಾಯಿ ಮಾತು ಬರಲೇ ಇಲ್ಲ. ಬಾಯಿ ತೆರೆಸಿ ಹುಣ್ಣು ಇದೆಯಾ ನೋಡಿದರು. ಕಣ್ಣು ಉರಿಯುತ್ತಾ, ಮೂತ್ರ ಉರಿಯುತ್ತಾ, ಚರ್ಮ ಉಜ್ಜಿದರೆ ಸುಲಿಯುತ್ತಾ ಅಂತ ಒಂದೊಂದೇ ಕೇಳಿದರು. ಅವೆಲ್ಲ ಇದ್ದಿದ್ದರೆ ಬೇರೆ ಒಂದು ರೋಗ, ಅದು ಇನ್ನೂ ಕೆಟ್ಟದ್ದು, ಸುಟ್ಟ ಗಾಯದ ಹಾಗೆ ಚರ್ಮ ಸುಲಿದು ಬರೋದು. ನನ್ನದು ಅದಲ್ಲ ಅಂತ ಖಾತ್ರಿ ಆದ ಮೇಲೆ ರಕ್ತಕ್ಕೆ ಕಳಿಸಿದರು.

ಸಂಜೆ ರಿಪೋರ್ಟ್ ಬಂತು. ಲೆಕ್ಕ ಬರೆಯೋನಲ್ವಾ, ಅಂಕಿ ಮರೆಯೋದಿಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ಅಂತ ಒಂದು ಜಾತಿಯ ಬಿಳಿ ಕಣ ಇರುತ್ತೆ, ಅಲರ್ಜಿ ಆದಾಗ ಏರುತ್ತೆ. ಸಾಮಾನ್ಯವಾಗಿ 500ರ ಒಳಗೆ ಇರಬೇಕು. ನನ್ನದು 3,100. ಲಿವರ್ ಎಷ್ಟು ನೊಂದಿದೆ ಅಂತ ತೋರಿಸೋ ಎಸ್‌ಜಿಪಿಟಿ 40ರ ಆಚೀಚೆ ಇರಬೇಕು. ನನ್ನದು 486. ಡೆಂಗಿ ಇಲ್ಲ.

"ಇದು ಡ್ರೆಸ್" ಅಂದರು ರೌಂಡ್ಸಿಗೆ ಬಂದ ಹಿರಿಯ ಡಾಕ್ಟರ್.

ನನ್ನ ಹೆಂಡತಿ ಗಾಬರಿಯಲ್ಲಿ, "ಯಾವ ಅರಿವಿ ತರ್ಲ್ರಿ? ಮನ್ಯಾಗಿಂದ ಎರಡು ಲುಂಗಿ ತಂದೇನಿ" ಅಂದಳು. ಆ ಲೇಡಿ ಡಾಕ್ಟರ್ ನಗು ತಡೆಯೋಕೆ ಕೇಸ್ ಪೇಪರ್ ಮುಖಕ್ಕೆ ಹಿಡಿದುಕೊಂಡರು. ಡ್ರೆಸ್ ಅನ್ನೋದು ಇಂಗ್ಲಿಷ್ ಅಕ್ಷರ ಕೂಡಿಸಿ 1996ರಲ್ಲಿ ಇಟ್ಟ ಹೆಸರು. ಔಷಧಿಯಿಂದ ಬರೋ ಗುಳ್ಳೆ, ಆ ಬಿಳಿ ಕಣದ ಏರಿಕೆ, ಜೊತೆಗೆ ಒಳಗಿನ ಅಂಗಗಳಿಗೂ ಪೆಟ್ಟು, ಇದು ಅದರ ಅರ್ಥ. ಫಿಟ್ಸ್ ಗುಳಿಗೆ ತಗೊಳ್ಳೋವರಲ್ಲಿ ಸಾವಿರಕ್ಕೆ ಒಬ್ಬರಿಂದ ಹತ್ತು ಸಾವಿರಕ್ಕೆ ಒಬ್ಬರಿಗೆ ಬರುತ್ತಂತೆ. ಬಂದವರಲ್ಲಿ ನೂರಕ್ಕೆ ಹತ್ತು ಜನರ ತನಕ ಸಾಯೋದೂ ಇದೆ, ಹೆಚ್ಚಾಗಿ ಲಿವರ್ ಕೈಕೊಟ್ಟು.

ಅಲರ್ಜಿ ಅಂದರೆ ನಾನು ತಿಳಿದಿದ್ದು ಬೇರೆ. ಸೂಜಿ ಚುಚ್ಚಿದ ಹತ್ತು ನಿಮಿಷದಲ್ಲಿ ಮೈ ದದ್ದು ಏಳೋದು, ತುಟಿ ದಪ್ಪ ಆಗೋದು, ಉಸಿರು ಕಟ್ಟೋದು. ಅಂಥದ್ದೂ ಫಿಟ್ಸ್ ಗುಳಿಗೆಯಿಂದ ಅಪರೂಪಕ್ಕೆ ಆಗುತ್ತೆ. ತುಟಿ, ನಾಲಿಗೆ ಊದಿ ಗಂಟಲು ಬಿಗಿಯಿತು ಅಂದರೆ ಚೀಟಿ ಮಾಡಿಸಿ ಕಾಯೋ ಮಾತಿಲ್ಲ, 108ಕ್ಕೆ ಫೋನ್ ಮಾಡಿ ಓಡಬೇಕು. ನನ್ನದು ಆ ಜಾತಿ ಅಲ್ಲ. ಇದು ಗುಳಿಗೆ ಶುರು ಮಾಡಿ ಎರಡರಿಂದ ಎಂಟು ವಾರದ ನಡುವೆ ಬರೋದು. ಇಷ್ಟು ದಿನ ಮೈ ಒಪ್ಪಿಕೊಂಡಿದೆ, ಇನ್ನೇನು ಆಗಲ್ಲ ಅಂತ ನಾವು ಸುಮ್ನೆ ಇರೋ ಹೊತ್ತಿಗೇ ಬರುತ್ತೆ. ಮೈಯೊಳಗಿನ ಕಾವಲು ಕಣಗಳು ಗುಳಿಗೆಯನ್ನು ಶತ್ರು ಅಂತ ಗುರುತಿಸಿ, ತಮ್ಮ ಸಂಖ್ಯೆ ಬೆಳೆಸಿಕೊಂಡು, ಆಮೇಲೆ ಮೈ ಮೇಲೇ ಬೀಳುತ್ತವೆ. ನನಗೆ ಸರಿಯಾಗಿ ಇಪ್ಪತ್ತು ದಿನಕ್ಕೆ ಬಂತು.

ಇನ್ನೊಂದು ವಿಚಿತ್ರ ಇದೆ. ಚಿಕ್ಕಂದಿನಲ್ಲಿ ನಮ್ಮೆಲ್ಲರ ಮೈಯಲ್ಲಿ ಸೇರಿ ಸುಮ್ಮನೆ ಮಲಗಿರೋ ಒಂದು ಹರ್ಪಿಸ್ ಜಾತಿಯ ವೈರಸ್ ಈ ಗಲಾಟೆಯಲ್ಲಿ ಎಚ್ಚರ ಆಗುತ್ತಂತೆ. ಅಂದರೆ ನಮ್ಮ ಓಣಿಯ ಡಾಕ್ಟರ್ ವೈರಲ್ ಅಂದದ್ದು ಪೂರ್ತಿ ಸುಳ್ಳಲ್ಲ. ಅವರಿಗೆ ಸುಳ್ಳು ಹೇಳಿದವನು ನಾನು.

ಕಾರ್ಬಮಜೆಪೈನ್ ವಿಷಯಕ್ಕೆ ಹಿರಿಯ ಡಾಕ್ಟರ್ ಹೇಳಿದ್ದು ನಮ್ಮ ಭಾಷೆಯಲ್ಲೇ ಇತ್ತು. "ಅಣ್ಣ ಹೊಡದಾ ಅಂತ ತಮ್ಮನ ಮನಿಗೆ ಹೋಗಿ ನಿಂತಂಗಾತು ನಿಂದು." ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟೋನ್ ಮೂರೂ ಒಂದೇ ಮನೆಯವು. ರಾಸಾಯನಿಕ ರಚನೆಯಲ್ಲಿ ಒಂದೇ ತರಹದ ಉಂಗುರ ಇರುತ್ತೆ. ಲಿವರ್ ಅದನ್ನು ಒಡೆಯುವಾಗ ನಡುವೆ ಒಂದು ಕೆಟ್ಟ ಪದಾರ್ಥ ಹುಟ್ಟುತ್ತೆ, ಹೆಚ್ಚಿನವರ ಮೈ ಅದನ್ನು ಕೂಡಲೇ ತೊಳೆದುಹಾಕುತ್ತೆ, ಕೆಲವರ ಮೈಗೆ ಆಗೋದಿಲ್ಲ ಅನ್ನುತ್ತಾರೆ. ಒಂದಕ್ಕೆ ಹೀಗಾದವರಲ್ಲಿ ನೂರಕ್ಕೆ 40ರಿಂದ 80 ಜನಕ್ಕೆ ಆ ಮನೆಯ ಇನ್ನೊಂದಕ್ಕೂ ಆಗುತ್ತೆ. ಆಕ್ಸ್‌ಕಾರ್ಬಜೆಪೈನ್, ಲ್ಯಾಮೋಟ್ರಿಜಿನ್ ಕೂಡ ಅದೇ ಓಣಿಯವು ಅಂದರು. ಲ್ಯಾಮೋಟ್ರಿಜಿನ್ ಶುರು ಮಾಡೋವರಿಗೆ ಡೋಸ್ ವಾರಗಟ್ಟಲೆ ನಿಧಾನ ಏರಿಸೋದು ಇದೇ ಭಯಕ್ಕಂತೆ. ವ್ಯಾಲ್ಪ್ರೋಯೇಟ್ ಅನ್ನೋ ಇನ್ನೊಂದು ಫಿಟ್ಸ್ ಗುಳಿಗೆ ಜೊತೆಗಿದ್ದರೆ ಆ ಡೋಸಿನ ಅರ್ಧದಿಂದ ಶುರು.

ಚಿಕಿತ್ಸೆಯಲ್ಲಿ ಹೇಳೋ ಅಂಥದ್ದು ಜಾಸ್ತಿ ಇಲ್ಲ. ಎರಡೂ ಗುಳಿಗೆ ಬಂದ್. ಫಿಟ್ಸ್ ನುಗ್ಗದಂತೆ ಅದೇ ದಿನ ಲೆವಿಟಿರಸಿಟಂ ಸಲೈನಿನಲ್ಲಿ, ರಾತ್ರಿ ಕ್ಲೋಬಜಾಮ್. ಈ ಎರಡಕ್ಕೂ ಅಪರೂಪಕ್ಕೆ ಡ್ರೆಸ್ ಬರಬಹುದು ಅಂತ ಅಮೆರಿಕದ ಔಷಧಿ ಇಲಾಖೆ ಎರಡೇ ತಿಂಗಳ ಹಿಂದೆ, 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತಂತೆ. ಅದನ್ನು ಡಾಕ್ಟರ್ ಮುಚ್ಚಿಡಲಿಲ್ಲ. "ಅದಕ್ಕ ದಿನಾ ರಕ್ತ ನೋಡ್ತೀವಿ" ಅಂದರು. ಲಿವರ್ ಮತ್ತು ಮುಖಕ್ಕೆ ಸ್ಟಿರಾಯ್ಡ್. ಹನ್ನೊಂದು ದಿನ ಅಲ್ಲಿದ್ದೆ. ಫೋನ್ ಮತ್ತೆ ನನ್ನ ಮುಖ ಗುರುತಿಸಿದ್ದು ಒಂಬತ್ತನೇ ದಿನ ಬೆಳಿಗ್ಗೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಮನೆಗೆ ಬಂದ ಮೇಲೆ ಚರ್ಮ ಉದುರೋಕೆ ಶುರು ಆಯಿತು. ಅಂಗೈಯಿಂದ ಉಳ್ಳಾಗಡ್ಡಿ ಸಿಪ್ಪೆ ಹಾಗೆ ತೆಳ್ಳಗೆ, ಉದ್ದಕ್ಕೆ ಬರೋದು. ಬೆರಳ ತುದಿ ಎಷ್ಟು ನುಣುಪಾಗಿತ್ತು ಅಂದರೆ ಪಡಿತರ ಅಂಗಡಿಯ ಮಷೀನ್ ಮೂರು ಸಲ ಹೆಬ್ಬೆಟ್ಟು ಒಪ್ಪಲಿಲ್ಲ. ಸ್ಟಿರಾಯ್ಡ್ ಗಬಕ್ಕನೆ ನಿಲ್ಲಿಸೋ ಹಾಗಿಲ್ಲ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕು. 50 ಮಿಲಿಗ್ರಾಮಿನಿಂದ ಇಳಿಸುತ್ತಾ 20ಕ್ಕೆ ಬಂದಾಗ ಮತ್ತೆ ತುರಿಕೆ, ಸಣ್ಣ ಜ್ವರ. ಮತ್ತೆ ಏರಿಸಿದರು. ಎಲ್ಲ ಮುಗಿಯೋಕೆ ಹನ್ನೊಂದು ವಾರ ಹಿಡಿಯಿತು. ಇಳಿಸುವಾಗಲೇ ರೋಗ ಮರುಕಳಿಸೋದು ಜಾಸ್ತಿ, ಅದಕ್ಕೆ ಮೈ ಚೆನ್ನಾಯಿತು ಅಂತ ನೀವೇ ನಿಲ್ಲಿಸಬೇಡಿ ಅಂತ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದರು.

ಸ್ಟಿರಾಯ್ಡ್ ಹಸಿವಿನ ಬಗ್ಗೆ ಯಾರಾದರೂ ಹಾಡು ಕಟ್ಟಬೇಕು. ಸಂಜೆ ನಾಲ್ಕು ಗಂಟೆಗೆ ಐದು ಕಟಿರೊಟ್ಟಿ, ಶೇಂಗಾ ಚಟ್ನಿ ತಿಂದು ರಾತ್ರಿ ಊಟಕ್ಕೆ ಏನು ಅಂತ ಕೇಳುತ್ತಿದ್ದೆ. ಅಲರ್ಜಿಯ ಬಾವು ಇಳಿದ ಮುಖ ಈಗ ಗುಳಿಗೆಯಿಂದ ದುಂಡಗಾಯಿತು. ನೋಡೋಕೆ ಬಂದ ಬಳಗದವರು, "ಭಾಳ ಚಲೋ ಆಗ್ಯಾನ, ಮೈಕೈ ತುಂಬ್ಕೊಂಡಾನ" ಅಂದರು. ನನ್ನ ಸೋದರಮಾವ ಬಂದಾಗ ಮಾತ್ರ ಬೇರೆ ಕಥೆ ಹೊರಬಿತ್ತು. ಅವರೂ ಮೂವತ್ತು ವರ್ಷದ ಹಿಂದೆ ಫೆನಿಟಾಯಿನ್ ತಗೊಂಡವರು! ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರ ವಸಡು ದಪ್ಪಗೆ ಬೆಳೆದು ಹಲ್ಲನ್ನು ಅರ್ಧ ಮುಚ್ಚಿದ್ದು ನಮಗೆಲ್ಲ ಗೊತ್ತಿತ್ತು, ಎಲೆ ಅಡಿಕೆ ಹಾಕಿ ಹಾಗಾಗಿದೆ ಅಂದುಕೊಂಡಿದ್ದೆವು. ಅದು ಅಲರ್ಜಿ ಅಲ್ಲ, ಆ ಗುಳಿಗೆಯ ಇನ್ನೊಂದು ಗುಣ. ಬಾವು ಎಲ್ಲ ಒಂದೇ ಅಲ್ಲ. ನೋಡಿ, ನಾವು ಎಲೆ ಅಡಿಕೆಗೆ ಹಾಕಿದ ಅಪವಾದ ಅದು.

ಲೆವಿಟಿರಸಿಟಂಗೆ ಸಿಟ್ಟು ಜಾಸ್ತಿ. ನಾಲ್ಕನೇ ವಾರ ಕ್ಯಾಲ್ಕುಲೇಟರ್ ಗೋಡೆಗೆ ಎಸೆದೆ, ಅದೂ ಲೆಕ್ಕ ಸರಿ ಇದ್ದಾಗ. ಡಾಕ್ಟರಿಗೆ ಹೇಳಿದಾಗ, ಅದು ಈ ಗುಳಿಗೆಯ ಸ್ವಭಾವ, ಕೆಲವರಿಗೆ ಆಗುತ್ತೆ ಅಂದರು. ಡೋಸ್ ಸ್ವಲ್ಪ ಸರಿಮಾಡಿದರು. ಈಗ ಪರವಾಗಿಲ್ಲ. ಹೆಂಡತಿಯ ಅಭಿಪ್ರಾಯ ಬೇರೆ ಇರಬಹುದು. ಥೈರಾಯ್ಡ್ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತೇನೆ. ಡ್ರೆಸ್ ಆಗಿ ಹಲವು ತಿಂಗಳು ಕಳೆದ ಮೇಲೆ ಅದು ಕೆಡೋದುಂಟು.

ಮೊದಲೇ ರಕ್ತ ನೋಡಿ ತಿಳಿಯೋಕೆ ಆಗಲ್ವಾ ಅಂತ ಕೇಳಿದ್ದೆ. ಒಂದು ಪರೀಕ್ಷೆ ಇದೆ. ಕಾರ್ಬಮಜೆಪೈನ್‌ನಿಂದ ಚರ್ಮ ಸುಲಿಯೋ ರೋಗ ಬಂದವರಲ್ಲಿ ಎಚ್‌ಎಲ್‌ಎ-ಬಿ 15:02 ಅನ್ನೋ ಜೀನ್ ಇರೋದನ್ನು 2004ರಲ್ಲಿ ತೈವಾನಿನವರು ಕಂಡುಹಿಡಿದರು. ಆದರೆ ಅದು ಆ ಸುಲಿಯೋ ರೋಗಕ್ಕೆ, ನನ್ನ ಮುಖದ ಬಾವಿಗೆ ಅಲ್ಲ. ರಕ್ತಸಂಬಂಧಿಗಳಿಗೆ ಅಪಾಯ ಸ್ವಲ್ಪ ಜಾಸ್ತಿ ಅಂತ ಮಾತ್ರ ಹೇಳಿದರು. ಅದಕ್ಕೆ ತಮ್ಮನಿಗೆ ಹೇಳಿದೆ, ರಾಣೆಬೆನ್ನೂರಿನ ಅಕ್ಕನಿಗೂ ಹೇಳಿದೆ. ಅಕ್ಕನ ಮಗಳಿಗೆ ಚಿಕ್ಕಂದಿನಲ್ಲಿ ಜ್ವರದ ಫಿಟ್ಸ್ ಬಂದಿತ್ತು. ಅವಳ ಫೈಲಿನ ಮೊದಲ ಹಾಳೆಯ ಮೇಲೆ ಈಗ ನನ್ನ ಕಥೆ ಎರಡು ಸಾಲಿನಲ್ಲಿದೆ.

ಡಿಸ್ಚಾರ್ಜ್ ದಿನ ಆ ಲೇಡಿ ಡಾಕ್ಟರ್ ಒಂದು ಫಾರ್ಮ್ ತುಂಬಿದರು. ಔಷಧಿಯಿಂದ ಹೀಗಾಯಿತು ಅಂತ ದೇಶದ ಲೆಕ್ಕಕ್ಕೆ ಸೇರಿಸೋ ಫಾರ್ಮ್. 2010ರಿಂದ ಈ ವ್ಯವಸ್ಥೆ ಇದೆ. ಡಾಕ್ಟರೇ ಆಗಬೇಕಿಲ್ಲ, ನಾವೂ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು, ದುಡ್ಡು ಬೀಳೋದಿಲ್ಲ. ಆಮೇಲೆ ಅವರು ಒಂದು ಕಾರ್ಡ್ ಬರೆದುಕೊಟ್ಟು ನನ್ನನ್ನು ಕೂರಿಸಿ ಕೇಳಿದರು: "ನಿಮಗೆ ಬಜಾರದಾಗ ಫಿಟ್ಸ್ ಬಂತು ಅಂತ ತಿಳೀರಿ. ಯಾರೋ ಎತ್ತಿ ದವಾಖಾನೆಗೆ ಹಾಕ್ತಾರ. ಅಲ್ಲಿ ಮೊದಲನೇ ಸೂಜಿಗೆ ನಿಲ್ಲಲಿಲ್ಲ. ಮುಂದ ಏನು ಹಾಕ್ತಾರ ಗೊತ್ತೇನು?"

ಗೊತ್ತಿರಲಿಲ್ಲ.

"ಹೆಚ್ಚಾಗಿ ಫೆನಿಟಾಯಿನ್. ನೇರ ರಕ್ತಕ್ಕ."

ನಾನು ಮಾತಾಡೋಕೆ ಆಗದ ಹೊತ್ತಿನಲ್ಲೇ, ನನ್ನ ಒಳ್ಳೆಯದಕ್ಕೇ, ಆ ಔಷಧಿ ಒಳಗೆ ಹೋಗುತ್ತೆ. ಆ ಮಾತು ಕೇಳಿ ಬೆನ್ನಲ್ಲಿ ತಣ್ಣಗಾಯಿತು. ಸಾಸಿವೆ ಡಬ್ಬಿಯ ಹಿಂದಿನ ಗುಟ್ಟು ಅವತ್ತೇ ಮುಗೀತು. ಆ ಕಾರ್ಡು ಈಗ ಪರ್ಸಿನಲ್ಲಿ ಆಧಾರ್ ಮುಂದೆ ಇದೆ, ತೆರೆದ ಕೂಡಲೇ ಕಾಣೋ ಹಾಗೆ. ಫೆನಿಟಾಯಿನ್, ಫಾಸ್‌ಫೆನಿಟಾಯಿನ್, ಕಾರ್ಬಮಜೆಪೈನ್, ಆಕ್ಸ್‌ಕಾರ್ಬಜೆಪೈನ್, ಫಿನೋಬಾರ್ಬಿಟೋನ್, ಲ್ಯಾಮೋಟ್ರಿಜಿನ್ ಕೊಡಬೇಡಿ ಅಂತ. ಕೆಳಗೆ ಹೆಂಡತಿಯ ನಂಬರ್, ಸಾವ್ಕಾರ್ರ ನಂಬರ್. ಅದರ ಜೆರಾಕ್ಸ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಹಮಾಲರಿಗೆಲ್ಲ ತೋರಿಸಿ ಹೇಳಿದೆ: ನಾನು ಬಿದ್ದರೆ ಕೀಲಿ ಬೇಡ, ಉಳ್ಳಾಗಡ್ಡಿ ಬೇಡ, ಪಕ್ಕಕ್ಕೆ ಹೊರಳಿಸಿ ಈ ಚೀಟಿ ಹಿಡಕೊಂಡು ನನ್ನ ಜೊತೆ ಬರ್ರಿ. ಒಬ್ಬ ಹಮಾಲ ಸುಮ್ಮನೆ ಕೇಳಿಸಿಕೊಂಡು, ಎಲ್ಲರೂ ಹೋದ ಮೇಲೆ ಬಂದು, ತನ್ನ ಮಗಳೂ ಇಂಥದ್ದೇ ಗುಳಿಗೆ ತಗೋತಾಳೆ ಅಂದ. ಅವನ ಸಾಸಿವೆ ಡಬ್ಬಿ ಎಲ್ಲಿದೆಯೋ.

ತಮ್ಮನ ಮದುವೆ? ಬರುತ್ತಿದ್ದ ಒಂದು ಸಂಬಂಧ ನಿಂತಿತು. ಇನ್ನೊಂದು ಮನೆಯವರು ಎಲ್ಲ ಕೇಳಿ, ಕಾರ್ಡನ್ನೂ ಓದಿ, "ಹಂಗಾರ ಅಣ್ಣನ ಗುಳಗಿ ಹೆಸರು ನಾವೂ ಬರಕೋತೀವಿ" ಅಂದರು. ಆಗಸ್ಟಿನಲ್ಲಿ ಮದುವೆ ಆಯಿತು.

ಮರುವರ್ಷ ಜನವರಿ, ಮತ್ತೆ ಸೀಸನ್. ಟೆಂಡರ್ ದಿನ ಚೀಲ ಸುರುವಿದ ಕೂಡಲೇ ನನಗೆ ಒಂದರ ಹಿಂದೆ ಒಂದು ಸೀನು, ಕಣ್ಣು ಕೆಂಪು, ಮೂಗು ಸೋರಿತು. ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಇಬ್ಬರು ಹಮಾಲರು ಹತ್ತಿರ ಬಂದು ನಿಂತರು. ಸಾವ್ಕಾರ್ರು ಗಲ್ಲಾಪೆಟ್ಟಿಗೆಯ ಮುಚ್ಚಳ ಎತ್ತಿಬಿಟ್ಟಿದ್ದರು.

"ತಮ್ಮಾ, ಗುಳಗಿ ಏನರ ಹೊಸಾದು ಚಾಲೂ ಮಾಡೀಯೇನು?"

"ಇಲ್ರಿ ಸಾವ್ಕಾರ್ರ," ಅಂದೆ, ಮೂಗು ಒರೆಸಿಕೊಳ್ಳುತ್ತಾ. "ಇದು ಖರೇನ ಮೆಣಸಿನಕಾಯಿ."